ಪ್ರತಿ ಮಗುವಿಗೂ ಅದರದೇ ‘ಸಾ’

(ಸೇಡಂನಲ್ಲಿ ಪಾಲಕರು ಮತ್ತು ಶಿಕ್ಷಕರ ಸಭೆಯೊಂದರಲ್ಲಿ ನಮ್ಮ ವರದಿಗಾರರು ಆಡಿದ ಮಾತುಗಳ ಬರಹರೂಪ)



ನಾನು ಸಂಗೀತಗಾರನಲ್ಲ, ಪತ್ರಿಕೆಯ ವರದಿಗಾರ. ನನಗೆ ಹಾಡಲು ಬರುವುದಿಲ್ಲವೆಂದು ಏಳನೇ ಇಯತ್ತೆಯಲ್ಲೇ ತೀರ್ಮಾನವಾಗಿತ್ತು. ಪ್ರಾರ್ಥನೆಗೆ ಮಾಸ್ತರರು ಪೇಟಿಯ ಕಪ್ಪು ನಾಲ್ಕನೇ ಪಟ್ಟಿಯನ್ನು ‘ಸಾ’ ಎಂದು ಹಿಡಿಯುತ್ತಿದ್ದರು. ನನ್ನ ದನಿ ಆಗ ಒಡೆಯುತ್ತಿತ್ತು. ಮೇಲಿನ ಸ್ವರಕ್ಕೆ ಹೋದರೆ ಸೀಳುತ್ತಿತ್ತು. ‘ನೀ ಹಿಂದ ನಿಂತು ಬರೇ ಬಾಯಿ ಆಡಸು’ ಎಂದರು. ಅಲ್ಲಿಂದ ಹತ್ತು ವರ್ಷ ನಾನು ಬಾಯಿಯನ್ನಷ್ಟೇ ಆಡಿಸಿದೆ.

ಮುಂದೊಮ್ಮೆ ಸುದ್ದಿಗಾಗಿ ಚಿತ್ತಾಪುರ ಕಡೆಯ ಹಳ್ಳಿಯೊಂದರ ಭಜನೆಗೆ ಹೋಗಿದ್ದೆ. ಪೇಟಿ ನುಡಿಸುವ ಅಜ್ಜ, ‘ಮಾತಾಡಿದಂಗ ಒಂದು ಆ ಅನ್ನು ತಮ್ಮಾ’ ಎಂದರು. ಕೇಳಿಸಿಕೊಂಡು ಬೆರಳನ್ನು ಕಪ್ಪು ಒಂದಕ್ಕೆ ತಂದರು. ಆ ರಾತ್ರಿಯೆಲ್ಲ ತತ್ವಪದಗಳಿಗೆ ದನಿಗೂಡಿಸಿದೆ. ದೋಷ ನನ್ನ ಗಂಟಲಿನದಾಗಿರಲಿಲ್ಲ, ಹಿಡಿದ ಪಟ್ಟಿಯದಾಗಿತ್ತು.

ಇದರ ಗುಟ್ಟು ಸರಳ. ನಮ್ಮ ಸಂಗೀತದಲ್ಲಿ ‘ಸಾ’ ಎಂಬುದಕ್ಕೆ ಕಟ್ಟಿಟ್ಟ ಎತ್ತರವಿಲ್ಲ. ಹಾಡುವವರ ಕಂಠಕ್ಕೆ ಯಾವುದು ಹಿತವೋ ಅದೇ ಅವರ ಷಡ್ಜ. ಉಳಿದ ಸ್ವರಗಳೆಲ್ಲ ಅದನ್ನು ನೆಚ್ಚಿ ನಿಲ್ಲುತ್ತವೆ. ಆದ್ದರಿಂದ ಪಾಠದ ಮೊದಲ ಕೆಲಸವೇ ಶಿಷ್ಯನ ಷಡ್ಜವನ್ನು ಹುಡುಕುವುದು.

ಪೇಟಿ ಪಶ್ಚಿಮದಿಂದ ಬಂದದ್ದು. ಪ್ಯಾರಿಸ್ಸಿನ ದೆಬೆನ್ 1842ರಲ್ಲಿ ಹಾರ್ಮೋನಿಯಂಗೆ ಪೇಟೆಂಟ್ ಪಡೆದರು. ಏಳು ಬಿಳಿ, ಐದು ಕಪ್ಪು ಪಟ್ಟಿಗಳ ಸಾಲು ಪಿಯಾನೊದಲ್ಲೂ ಅದೇ. ಆದರೆ ಪಿಯಾನೊ ಪದ್ಧತಿಯಲ್ಲಿ ಒಂದೊಂದು ಪಟ್ಟಿಗೂ ಒಂದೊಂದು ಹೆಸರು ಖಾಯಂ. ಹಾಗಾದರೆ ಅಲ್ಲಿ ಎಲ್ಲರಿಗೂ ಒಂದೇ ಪಾಠವೇ? ಅಲ್ಲ. ಅಲ್ಲಿ ಗುರು ಕೈಯನ್ನು ನೋಡಬೇಕು. ಒಂದು ಸಪ್ತಕದ ‘ಸಾ’ದಿಂದ ಮೇಲಿನ ‘ಸಾ’ದವರೆಗೆ ಸುಮಾರು ಹದಿನಾರೂವರೆ ಸೆಂಟಿಮೀಟರು. ಪುಟ್ಟ ಮಗುವಿನ ಕೈ ಅಷ್ಟು ಚಾಚಲಾರದು. ಜರ್ಮನಿಯ ಬಾಖ್ 1720ರಲ್ಲಿ ಒಂಬತ್ತು ವರ್ಷದ ಮಗ ವಿಲ್ಹೆಲ್ಮ್ ಫ್ರೀಡೆಮನ್‌ಗಾಗಿಯೇ ಒಂದು ಪಾಠದ ಪುಸ್ತಕ ತೊಡಗಿದ. ಒಬ್ಬ ಹುಡುಗನಿಗಾಗಿ ಒಂದು ಪುಸ್ತಕ!

ಅಷ್ಟು ದೂರ ಹೋಗುವುದೇಕೆ, ನಮ್ಮ ಕುಂದಗೋಳಕ್ಕೇ ಬನ್ನಿ. ಸವಾಯಿ ಗಂಧರ್ವರ ಬಳಿ ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಕಲಿಯುತ್ತಿದ್ದರು. ಭೀಮಸೇನ ಜೋಶಿಯವರು ಗುರುವಿನ ಮನೆಯಲ್ಲೇ ಇದ್ದರು. ಗುರು ಒಬ್ಬರೇ, ಕಿರಾಣಾ ಘರಾಣೆಯೂ ಒಂದೇ. ಆದರೆ ಇಬ್ಬರ ಧ್ವನಿಮುದ್ರಿಕೆ ಹಾಕಿ ಕೇಳಿ: ಯಾರದು ಯಾರದೆಂದು ಕಣ್ಣು ಮುಚ್ಚಿ ಹೇಳಬಹುದು. ಗಂಗೂಬಾಯಿಯವರ ದನಿ ಗಂಟಲಿನ ಚಿಕಿತ್ಸೆಯ ನಂತರ ಗಂಡುದನಿಯಷ್ಟು ಗಡುಸಾಯಿತು. ಅವರು ಆ ದನಿಯಲ್ಲೇ ಹಾಡಿ ದೊಡ್ಡವರಾದರು.

ಗದುಗಿನ ವೀರೇಶ್ವರ ಪುಣ್ಯಾಶ್ರಮದ್ದು ಇನ್ನೊಂದು ಪಾಠ. ಪಂಚಾಕ್ಷರಿ ಗವಾಯಿಗಳಿಗೂ (1892–1944) ಅವರ ಶಿಷ್ಯ ಪುಟ್ಟರಾಜ ಗವಾಯಿಗಳಿಗೂ (1914–2010) ಕಣ್ಣಿರಲಿಲ್ಲ. ಕಲಿಯಲು ಬಂದವರಲ್ಲೂ ಅಂಧ ಮಕ್ಕಳು ಅನೇಕರು. ಕಾಣದ ಮಗುವಿಗೆ ಹಲಗೆಯ ಮೇಲೆ ಬರೆದು ನಲವತ್ತು ಜನರಿಗೆ ಒಮ್ಮೆಲೇ ತೋರಿಸುವಂತಿಲ್ಲ. ಅದರ ಬೆರಳು ಹಿಡಿದು ಪಟ್ಟಿಯ ಮೇಲಿಡಬೇಕು; ಅದರ ದನಿ ಕೇಳಿ ತಿದ್ದಬೇಕು.

‘ನಮ್ಮ ವರ್ಗದಲ್ಲಿ ನಲವತ್ತು ಮಕ್ಕಳಿದ್ದಾರೆ, ಇದೆಲ್ಲ ಹೇಗೆ ಸಾಧ್ಯ?’ ಎಂದು ಶಿಕ್ಷಕರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಲೆಕ್ಕ ಹಾಕೋಣ. ಒಂದು ಮಗುವಿಗೆ ಐದು ನಿಮಿಷವಾದರೆ ನಲವತ್ತಕ್ಕೆ ಇನ್ನೂರು ನಿಮಿಷ. ಅಂದರೆ ನಲವತ್ತು ನಿಮಿಷದ ಐದು ಪಿರಿಯಡ್ಡು. ಜೂನಿನಲ್ಲಿ ಐದು ಪಿರಿಯಡ್ಡು ಕೊಟ್ಟು ಪ್ರತಿ ಮಗುವಿನ ಪಟ್ಟಿ ಯಾವುದೆಂದು ಹಾಜರಿ ಪುಸ್ತಕದಲ್ಲಿ ಬರೆದಿಡಿ. ಮಕ್ಕಳನ್ನು ಎರಡು ಮೂರು ಗುಂಪು ಮಾಡಿ. ಏಳು, ಎಂಟನೇ ಇಯತ್ತೆಯ ಹುಡುಗರ ದನಿ ಬದಲಾಗುವುದರಿಂದ ದೀಪಾವಳಿ ರಜೆ ಮುಗಿದ ಮೇಲೆ ಇನ್ನೊಮ್ಮೆ ಕೇಳಿ. ಜೂನಿಯರ್, ಸೀನಿಯರ್ ಪರೀಕ್ಷೆಯ ರಾಗಗಳು ಎಲ್ಲರಿಗೂ ಒಂದೇ ಇರಲಿ, ಅಡ್ಡಿಯಿಲ್ಲ. ಆ ರಾಗಕ್ಕೆ ಹತ್ತುವ ಮೆಟ್ಟಿಲು ಅವರವರದಾಗಿರಲಿ.

ಶಹಾಬಾದಿನ ಫರಸಿಯನ್ನು ಒಂದೇ ಅಳತೆಗೆ ಕೊಯ್ಯಬಹುದು. ವಾಡಿಯ ಸಿಮೆಂಟನ್ನು ಒಂದೇ ತೂಕದ ಚೀಲಕ್ಕೆ ತುಂಬಬಹುದು. ಮಕ್ಕಳ ಕಂಠ ಹಾಗಲ್ಲ. ಎಲ್ಲರೂ ಭೀಮಸೇನರಾಗಬೇಕಿಲ್ಲ. ಚಿಂಚೋಳಿಯ ಹಳ್ಳಿಯೊಂದರಲ್ಲಿ ಅವ್ವ ತೊಗರಿ ಹಸನು ಮಾಡುತ್ತ ಹಾಡಿಕೊಂಡರೆ ಅದೂ ಸಂಗೀತವೇ. ಆದರೆ ‘ನಿನಗೆ ಬರುವುದಿಲ್ಲ’ ಎಂಬ ಒಂದು ಮಾತು ಅಷ್ಟನ್ನೂ ಕಸಿದುಕೊಳ್ಳಬಲ್ಲದು.

ಪಾಲಕರಲ್ಲಿ ನನ್ನ ವಿನಂತಿ ಇಷ್ಟೇ. ಮಗುವನ್ನು ಸಂಗೀತದ ಪಾಠಕ್ಕೆ ಬಿಟ್ಟಾಗ ‘ಎಷ್ಟು ಹಾಡು ಕಲಿತಿತು?’ ಎಂದು ಕೇಳುವ ಮೊದಲು ಗುರುಗಳನ್ನು ‘ನಮ್ಮ ಕೂಸಿನ ಸಾ ಯಾವುದ್ರಿ?’ ಎಂದು ಕೇಳಿ. ಉತ್ತರ ಕೂಡಲೇ ಬಂದರೆ ಮಗು ಒಳ್ಳೆಯ ಕೈಯಲ್ಲಿದೆ ಎಂದು ತಿಳಿಯಿರಿ.