ದೀಕ್ಷಾಸ್ನಾನವಾಗಿ ನಲವತ್ತು ವರ್ಷ; ಇನ್ನೇನು ಬೆಳೆಯುವುದು?

(ತೋಟದ ಕುಟುಂಬಗಳ ಕೂಟದಲ್ಲಿ ಮಾಡಿದ ಪ್ರಸಂಗ)



ಬೆಳಗಿನಿಂದ ಹಣ್ಣು ಕೊಯ್ದು, ಅಳತೆ ಕೊಟ್ಟು, ಮನೆಗೆ ಹೋಗಿ ಒಲೆ ಹಚ್ಚಿ, ಮಕ್ಕಳಿಗೆ ಉಣಿಸಿ ಇಲ್ಲಿ ಬಂದು ಕುಳಿತಿದ್ದೀರಿ. ಯಾರಿಗಾದರೂ ತೂಕಡಿಕೆ ಬಂದರೆ ನಾವು ಬೇಸರ ಮಾಡಿಕೊಳ್ಳುವುದಿಲ್ಲ. ಪೌಲನ ಪ್ರಸಂಗ ಕೇಳುತ್ತಾ ಒಬ್ಬ ಯೌವನಸ್ಥನು ನಿದ್ದೆಹೋಗಿ ಕಿಟಕಿಯಿಂದ ಕೆಳಗೆ ಬಿದ್ದನಂತೆ. ಇಲ್ಲಿ ಎಲ್ಲರೂ ನೆಲದ ಮೇಲೆಯೇ ಕುಳಿತಿರುವುದರಿಂದ ಆ ಭಯವೂ ಇಲ್ಲ.

ನಾವು ಮೀರಜದ ಕಡೆಯಿಂದ ಬಂದವರು. ಸಾಂಗಲಿ ಜಿಲ್ಲೆ, ಮಹಾರಾಷ್ಟ್ರ. ಆ ತಾಲೂಕಿನಲ್ಲಿ ಬೇಡಗ ಎಂಬ ಹಳ್ಳಿ ಇದೆ. ಕಬ್ಬು, ದ್ರಾಕ್ಷಿ, ಅರಿಸಿನ ಬೆಳೆಯುವ ಸೀಮೆ. ಸಂತೆಯಲ್ಲಿ ಮರಾಠಿ ಮಾತಾಡಿ ಮನೆಗೆ ಬಂದು ಕನ್ನಡದಲ್ಲಿ ಪ್ರಾರ್ಥನೆ ಮಾಡುವ ಕುಟುಂಬಗಳು ನಮ್ಮ ಕಡೆ ಬಹಳ. ಅಂಥ ಒಂದು ಮನೆಯ ಅಂಗಳದಲ್ಲಿ ಕೂಟ ಮುಗಿದ ಮೇಲೆ ಒಬ್ಬ ಅವ್ವ ನಮ್ಮನ್ನು ಒಂದು ಪ್ರಶ್ನೆ ಕೇಳಿದಳು. ಅದನ್ನೇ ಇವತ್ತು ನಿಮ್ಮ ಮುಂದೆ ಇಡುತ್ತೇವೆ.

ಆವತ್ತಿನ ಪ್ರಸಂಗ ಕ್ರಿಸ್ತನಲ್ಲಿ ಬೆಳೆಯುವುದರ ಮೇಲೆ ಇತ್ತು. ಅವ್ವ ಸೆರಗು ಸರಿಮಾಡಿಕೊಂಡು ಕೇಳಿದಳು: “ನನಗ ದೀಕ್ಷಾಸ್ನಾನ ಆಗಿ ನಲವತ್ತು ವರ್ಷ ಆತ್ರಿ. ಐತವಾರ ತಪ್ಪಿಸಿಲ್ಲ. ಕಾಣಿಕೆ ತಪ್ಪಿಸಿಲ್ಲ. ಮೊಮ್ಮಕ್ಕಳಿಗೆಲ್ಲಾ ಬೈಬಲಿನ ಹೆಸರ ಇಟ್ಟೇವಿ. ಇನ್ನ ನಾ ಏನ್ ಬೆಳೀಬೇಕ್ರಿ?”

ಅವಳು ಚೇಷ್ಟೆಗೆ ಕೇಳಲಿಲ್ಲ. ನಿಜವಾಗಿಯೇ ತಿಳಿಯಬೇಕೆಂದು ಕೇಳಿದಳು. ನಾವು ಪುಸ್ತಕದಲ್ಲಿ ಓದಿದ ನಾಲ್ಕು ಮಾತು ಹೇಳಿದೆವು. ಅವಳು “ಹೂಂ” ಅಂದಳು. ಅದು ಉತ್ತರ ಆಗಲಿಲ್ಲವೆಂದು ಅವಳಿಗೂ ಗೊತ್ತು, ನಮಗೂ ಗೊತ್ತು.

ಆಮೇಲೆ ಕೈ ತೊಳೆಯಲು ಹಿತ್ತಲಿಗೆ ಹೋದೆವು. ಬಾಗಿಲ ಹೊರಗೆ ಗೋಡೆಯ ಗೂಟಕ್ಕೆ ಒಂದು ಲೋಟ ಸಿಕ್ಕಿಸಿತ್ತು. ಒಳಗಿನ ಲೋಟಗಳೆಲ್ಲಾ ಬೆಳ್ಳಗೆ ಬೆಳಗಿದ್ದವು, ಇದೊಂದು ಹೊರಗೆ. ಅವಳ ದ್ರಾಕ್ಷಿ ತೋಟಕ್ಕೆ ಕಸ ತೆಗೆಯಲು ಬರುವ ಹೆಣ್ಣುಮಕ್ಕಳಿಗೆ ಅದರಲ್ಲಿ ಚಹಾ. ಅವರೇ ತೊಳೆದು ಅವರೇ ತೂಗುಹಾಕಬೇಕು. ಅವ್ವ ಹುಡುಗಿಯಾಗಿದ್ದಾಗ ಅವಳ ತಾಯಿ ಬೇರೆಯವರ ಹಿತ್ತಲಲ್ಲಿ ಅಂಥದೇ ಲೋಟದಲ್ಲಿ ಕುಡಿದವಳು. ಇದನ್ನು ಅವ್ವ ತಾನೇ ಹಿಂದೊಮ್ಮೆ ಸಾಕ್ಷಿ ಹೇಳುವಾಗ ಅತ್ತು ಹೇಳಿದ್ದಳು.

ನಾವು ಆವತ್ತು ಬಾಯಿ ಬಿಡಲಿಲ್ಲ. ಯಾಕೆಂದು ಹೇಳಿಬಿಡುತ್ತೇವೆ. ನಾವು ಸೇರುವ ಸಭೆಯಲ್ಲಿ ಕೆಲವು ವರ್ಷಗಳ ಹಿಂದೆ ಕಬ್ಬು ಕಡಿಯಲು ಬಂದ ಒಂದು ಕುಟುಂಬ ಕರ್ತನನ್ನು ನಂಬಿ ನಮ್ಮೊಂದಿಗೆ ಕೂಡಿತು. ಎಲ್ಲರೂ ಎದ್ದು ಕೈ ಕುಲುಕಿದೆವು, ಹಾಡಿದೆವು. ಆದರೆ ಕರ್ತನ ಭೋಜನದ ದಿವಸ ಒಂದೇ ಪಾತ್ರೆಯಿಂದ ಕುಡಿಯುವ ಹೊತ್ತಿಗೆ ಹಿರಿಯರು ಕೆಲವರು ಮೆಲ್ಲಗೆ ಮುಂದಿನ ಸಾಲಿಗೆ ಸರಿದರು. ಅವರಿಗಿಂತ ಮೊದಲು ಕುಡಿದು ಮುಗಿಸಬೇಕೆಂದು. ಯಾರೂ ಏನೂ ಅನ್ನಲಿಲ್ಲ. ಸರಿದವರಲ್ಲಿ ನಾವೂ ಇದ್ದೆವು. ಆ ಕುಟುಂಬ ಮೂರು ತಿಂಗಳು ಬಂತು, ಆಮೇಲೆ ಬರಲಿಲ್ಲ. ಸುಗ್ಗಿ ಮುಗಿಯಿತು, ಊರಿಗೆ ಹೋಗಿರಬೇಕು ಎಂದು ನಾವು ಒಬ್ಬರಿಗೊಬ್ಬರು ಹೇಳಿಕೊಂಡೆವು.

ಹೀಗಿರುವಾಗ ಅವ್ವನಿಗೆ ಯಾವ ಮುಖದಿಂದ ಹೇಳುವುದು?

ನಮ್ಮ ಕಡೆಯ ದ್ರಾಕ್ಷಿ ಬಳ್ಳಿಯ ವಿಷಯ ನಿಮಗೆ ಸ್ವಲ್ಪ ಹೇಳಬೇಕು. ಕಾಫಿ ಗಿಡದ ಕಸಿ ನಿಮಗೆ ಗೊತ್ತು. ದ್ರಾಕ್ಷಿಯ ಲೆಕ್ಕ ಬೇರೆ. ವರ್ಷಕ್ಕೆ ಎರಡು ಸಲ ಕತ್ತರಿಸುತ್ತಾರೆ. ಏಪ್ರಿಲಿನಲ್ಲಿ ಹಣ್ಣು ಇಳಿಸಿದ ಮೇಲೆ ಬಳ್ಳಿಯನ್ನು ಬೋಳಾಗುವಷ್ಟು ಕತ್ತರಿಸುತ್ತಾರೆ. ನೋಡಿದವರಿಗೆ ಅಯ್ಯೋ ಅನಿಸುತ್ತದೆ. ಆ ಕತ್ತರಿಗೆ ಹಣ್ಣು ಬರುವುದಿಲ್ಲ. ಹೊಸ ಕಡ್ಡಿ ಮಾತ್ರ ಬರುತ್ತದೆ. ಆ ಬಿಸಿಲು ತಿಂಗಳುಗಳಲ್ಲಿ ಕಡ್ಡಿಯ ಕಣ್ಣಿನೊಳಗೆ, ಯಾರಿಗೂ ಕಾಣದಂತೆ, ಮುಂದಿನ ಗೊಂಚಲು ರೂಪವಾಗುತ್ತದೆ. ಅಕ್ಟೋಬರಿನಲ್ಲಿ ಮತ್ತೆ ಕತ್ತರಿಸಿದಾಗ ಅದು ಹೊರಗೆ ಬರುತ್ತದೆ. ಏಪ್ರಿಲಿನ ಕತ್ತರಿ ಬೇಡವೆಂದು ಬಿಟ್ಟರೆ ಎಲೆ ಹಸಿರಾಗಿಯೇ ಇರುತ್ತದೆ, ಚಪ್ಪರ ತುಂಬಿಯೇ ಇರುತ್ತದೆ. ಗೊಂಚಲು ಮಾತ್ರ ವರ್ಷ ವರ್ಷ ಕಡಿಮೆಯಾಗುತ್ತದೆ. ಮತ್ತು ಇದು ಹಳೆಯ ಬಳ್ಳಿಗೆ ಬೇಡ, ಎಳೆಯ ಬಳ್ಳಿಗೆ ಮಾತ್ರ ಬೇಕು ಎಂದು ಯಾವ ತೋಟಗಾರನೂ ಹೇಳುವುದಿಲ್ಲ. ಕರ್ತನು ತನ್ನನ್ನು ಬಳ್ಳಿಯೆಂದೂ ತಂದೆಯನ್ನು ತೋಟಗಾರನೆಂದೂ ಹೇಳಿದಾಗ ಕತ್ತರಿಯ ಮಾತನ್ನೂ ಹೇಳಿದನು. ಅದೂ ಫಲ ಕೊಡುವ ಕೊಂಬೆಯ ಬಗ್ಗೆ. ಈ ಭಾಗವನ್ನು ನಾವು ಬೇಗ ಬೇಗ ಓದಿ ದಾಟಿಬಿಡುತ್ತೇವೆ.

ಅಪೊಸ್ತಲನಾದ ಪೇತ್ರನನ್ನು ನೋಡಿರಿ. ಅವನು ಬಲೆ ಬಿಟ್ಟು ಬಂದ ದಿವಸವನ್ನು ಎಲ್ಲರೂ ಪ್ರಸಂಗ ಮಾಡುತ್ತೇವೆ. ಕೋಳಿ ಕೂಗಿದ ರಾತ್ರಿಯನ್ನೂ ಮಾಡುತ್ತೇವೆ. ಆದರೆ ಅವನ ಬೆಳವಣಿಗೆ ಪಂಚಾಶತ್ತಮ ದಿನಕ್ಕೆ ಮುಗಿಯಲಿಲ್ಲ. ಯೊಪ್ಪದ ಮಾಳಿಗೆಯ ಮೇಲೆ ಹಸಿವಾಗಿದ್ದಾಗ ಅವನಿಗೆ ದರ್ಶನವಾಯಿತು. ಅನ್ಯಜನರನ್ನು ಹೊಲೆಯೆಂದು ಎಣಿಸಬಾರದೆಂದು ಕಲಿತು ಕೊರ್ನೇಲ್ಯನ ಮನೆಗೆ ಹೋದನು. ಇಷ್ಟು ಕಲಿತವನು ಅಂತಿಯೋಕ್ಯದಲ್ಲಿ ಏನು ಮಾಡಿದನು? ಅನ್ಯಜನರೊಂದಿಗೆ ಕುಳಿತು ಉಣ್ಣುತ್ತಿದ್ದವನು, ಯೆರೂಸಲೇಮಿನ ಕಡೆಯವರು ಬಂದರೆಂದು ಎದ್ದು ಬೇರೆ ಕುಳಿತನು! ಪೌಲನು ಎಲ್ಲರ ಮುಂದೆ ಅವನನ್ನು ಎದುರಿಸಬೇಕಾಯಿತು. ಹಿರಿಯ ಅಪೊಸ್ತಲನು ಉಣ್ಣುವ ಜಾಗದಲ್ಲಿಯೇ ಎಡವಿದನು, ಜನ ಏನನ್ನುತ್ತಾರೋ ಎಂಬ ಭಯದಿಂದ ಎಡವಿದನು. ನಾವು ಮುಂದಿನ ಸಾಲಿಗೆ ಸರಿದದ್ದೂ ಅದೇ ಭಯದಿಂದ.

ನಮ್ಮ ಮಹಾರಾಷ್ಟ್ರದ ಒಬ್ಬ ತಾಯಿಯ ವಿಷಯವನ್ನು ಹೇಳದೆ ಹೋದರೆ ನಮ್ಮ ಮನಸ್ಸಿಗೆ ಸಮಾಧಾನವಿಲ್ಲ. ಲಕ್ಷ್ಮೀಬಾಯಿ ಟಿಳಕ್. ಅವಳು ಹುಟ್ಟಿದ್ದು ನಾಸಿಕದ ಹತ್ತಿರ, 1868ರಲ್ಲಿ. ತಂದೆ ಮಡಿಯ ವಿಷಯದಲ್ಲಿ ಬಹಳ ಕಠಿಣ. ಹೊರಗಿನಿಂದ ಬಂದದ್ದನ್ನೆಲ್ಲಾ ತೊಳೆಯಬೇಕು. ಎಳೆಯ ವಯಸ್ಸಿನಲ್ಲೇ ಮದುವೆ. ಗಂಡ ನಾರಾಯಣ ವಾಮನ ಟಿಳಕರು ಮರಾಠಿಯ ಹೆಸರಾದ ಕವಿ. ಅವರು 1895ರಲ್ಲಿ ಮುಂಬಯಿಯಲ್ಲಿ ದೀಕ್ಷಾಸ್ನಾನ ತೆಗೆದುಕೊಂಡರು. ಹೆಂಡತಿಗೆ ಸಿಡಿಲು ಬಡಿದಂತಾಯಿತು. ಕೆಲವು ವರ್ಷ ತೌರಿನವರ ಜೊತೆ ದೂರವೇ ಇದ್ದಳು. ಮತ್ತೆ ಗಂಡನ ಬಳಿಗೆ ಬಂದಳು, ಆದರೆ ತನ್ನ ಅಡಿಗೆ ಬೇರೆ, ತನ್ನ ನೀರು ಬೇರೆ. ಒಂದೇ ಮನೆಯಲ್ಲಿ ಎರಡು ಒಲೆ.

ಅವಳಿಗೆ ಯಾರೂ ಒತ್ತಾಯ ಮಾಡಿ ಮಡಿ ಬಿಡಿಸಲಿಲ್ಲ. ಒಂದು ದಿವಸ ತಾನೇ ಕುಳಿತು ಯೋಚಿಸಿದಳು: ಈ ಜಾತಿಗಳನ್ನು ದೇವರು ಮಾಡಿದನೋ, ಮನುಷ್ಯರು ಮಾಡಿದರೋ? ದೇವರು ಮಾಡಿದ್ದರೆ ಹುಟ್ಟುವ ರೀತಿ, ಮೈಯ ರೀತಿ ಬೇರೆ ಬೇರೆ ಆಗಬೇಕಿತ್ತಲ್ಲ? ಇದು ಮನುಷ್ಯರದೇ ಕೆಲಸವೆಂದು ಅವಳಿಗೆ ಗಟ್ಟಿಯಾಯಿತು. ಅಲ್ಲಿಂದ ಯಾರ ಕೈಯ ನೀರಾದರೂ ಕುಡಿದಳು, ಯಾರು ಬಡಿಸಿದರೂ ಉಂಡಳು. 1900ರಲ್ಲಿ ದೀಕ್ಷಾಸ್ನಾನವಾಯಿತು. ಗಮನಿಸಿರಿ, ಲೋಟ ಮೊದಲು ಬದಲಾಯಿತು, ದೀಕ್ಷಾಸ್ನಾನ ಆಮೇಲೆ ಬಂತು. ನಮ್ಮಲ್ಲಿ ದೀಕ್ಷಾಸ್ನಾನ ಮೊದಲಾಗುತ್ತದೆ, ಲೋಟ ಗೂಟದಲ್ಲಿಯೇ ಇರುತ್ತದೆ.

ಅವಳು ಅಲ್ಲಿಗೇ ನಿಲ್ಲಲಿಲ್ಲ. ಶಾಲೆಗೆ ಹೋದವಳಲ್ಲ, ಗಂಡನಿಂದ ಅಕ್ಷರ ಕಲಿತವಳು. ಅನಾಥ ಮಕ್ಕಳನ್ನು ಮನೆಗೆ ಸೇರಿಸಿಕೊಂಡು ಸಾಕಿದಳು. 1919ರಲ್ಲಿ ಗಂಡ ತೀರಿಕೊಂಡಾಗ ಕ್ರಿಸ್ತನ ಚರಿತ್ರೆಯನ್ನು ಕುರಿತ ಅವರ ಮಹಾಕಾವ್ಯ ‘ಕ್ರಿಸ್ತಾಯನ’ ಅರ್ಧಕ್ಕಿಂತ ಹಿಂದೆಯೇ ನಿಂತಿತ್ತು. ಆ ವಿಧವೆ ಅದನ್ನು ಬರೆದು ಮುಗಿಸಿದಳು. ತನ್ನ ಬಾಳಿನ ಕಥೆಯನ್ನೂ ಬರೆದಳು. ಅದರ ಹೆಸರು ‘ಸ್ಮೃತಿಚಿತ್ರೆ’. ಮರಾಠಿಯವರು ಇವತ್ತಿಗೂ ಅದನ್ನು ಓದುತ್ತಾರೆ. ಆಗ ಅವಳಿಗೆ ಅರುವತ್ತು ದಾಟಿತ್ತು. 1936ರಲ್ಲಿ ತೀರಿಕೊಂಡಳು. ಅರುವತ್ತಾದ ಮೇಲೆ ನಮ್ಮಿಂದೇನು ಎನ್ನುವ ಅಜ್ಜ ಅಜ್ಜಿಯರು ಇಲ್ಲಿ ಯಾರಾದರೂ ಇದ್ದರೆ, ಕೇಳಿಸಿಕೊಳ್ಳಿರಿ.

ಮೀರಜದ ಡಾಕ್ಟರ್ ವಿಲಿಯಂ ವಾನ್ಲೆಸ್ ಹೆಸರು ನಿಮ್ಮಲ್ಲಿ ಕೆಲವರ ಅಜ್ಜಂದಿರಿಗೆ ಗೊತ್ತಿದ್ದಿರಬಹುದು. 1889ರಲ್ಲಿ ಬಂದವರು, 1894ರಲ್ಲಿ ಮೀರಜದಲ್ಲಿ ಆಸ್ಪತ್ರೆ ತೆರೆದರು, 1928ರ ತನಕ ಈ ದೇಶದಲ್ಲೇ ದುಡಿದರು. ಕತ್ತಿ ಹಿಡಿಯುವ ಕೈ ತಮ್ಮದೊಂದೇ ಆಗಿದ್ದರೆ ಹೆಸರು ಇನ್ನೂ ದೊಡ್ಡದಾಗುತ್ತಿತ್ತೇನೋ. ಅವರು ಈ ನಾಡಿನ ಹುಡುಗರಿಗೆ ವೈದ್ಯ ಕಲಿಸುವ ಶಾಲೆ ತೆರೆದರು. ನಲವತ್ತು ವರ್ಷ ಬೆಳೆಯುವುದೆಂದರೆ ಇದೂ ಸೇರಿದೆ: ತನ್ನ ಕೈಯಲ್ಲಿರುವುದನ್ನು ಇನ್ನೊಬ್ಬನ ಕೈಗೆ ಕೊಡುವುದು. ನಿಮ್ಮಲ್ಲಿ ಓದು ಬಂದವರು ಪಕ್ಕದ ಮನೆಯ ಮಗುವಿಗೆ ಕಲಿಸಿದರೆ ಸಾಕು. ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ.

ಈಗ ಸ್ವಲ್ಪ ಕಹಿ ಮಾತು. 2023ರಲ್ಲಿ ಅದೇ ಬೇಡಗದಲ್ಲಿ ಡಾಕ್ಟರ್ ಅಂಬೇಡ್ಕರರ ಹೆಸರಿನ ಸ್ವಾಗತ ಕಮಾನನ್ನು ಕೆಡವಲಾಯಿತು. ಊರಿನ ದಲಿತ ಕುಟುಂಬಗಳು ನೊಂದು, ಮನೆ ಬಿಟ್ಟು, ಮುಂಬಯಿಯ ಕಡೆಗೆ ನಡೆಯುತ್ತಾ ಹೊರಟವು. ಪತ್ರಿಕೆಗಳಲ್ಲಿ ಬಂತು, ನಿಮ್ಮಲ್ಲಿ ಕೆಲವರು ನೋಡಿರಬಹುದು. ಮುದುಕರು, ಮಕ್ಕಳನ್ನು ಎತ್ತಿಕೊಂಡ ತಾಯಂದಿರು. ಆ ದಿವಸಗಳಲ್ಲಿ ನಾವು ಏನು ಮಾಡಿದೆವು? ಶಾಂತಿಗಾಗಿ ಪ್ರಾರ್ಥನೆ ಮಾಡಿದೆವು. ಪ್ರಾರ್ಥನೆ ಬೇಕು, ಅದನ್ನು ಹಗುರ ಮಾಡುವುದಿಲ್ಲ. ಆದರೆ ನಡೆಯುವವರಿಗೆ ಒಂದು ಕೊಡ ನೀರು ಒಯ್ಯಲು ಏಳಲಿಲ್ಲ. ಅದು ಅವರ ಗಲಾಟೆ, ನಮಗೇಕೆ ಎಂದೆವು. ನಮ್ಮ ಹಿರಿಯರು ಯಾವ ಕೇರಿಯಿಂದ ಬಂದು ಕರ್ತನನ್ನು ನಂಬಿದರೋ ಅದೇ ಕೇರಿಯವರನ್ನು ಕುರಿತು ಹಾಗೆಂದೆವು.

ನೀವು ಮನಸ್ಸಿನಲ್ಲಿ, ಇದು ಆ ಕಡೆಯ ಹಳ್ಳಿಯ ವಿಷಯ, ತೋಟದ ಲೈನಿನಲ್ಲಿ ಅಂಥದ್ದೇನಿಲ್ಲ ಎನ್ನುತ್ತಿರಬಹುದು. ಮೇಸ್ತ್ರಿ ಎಲ್ಲರಿಗೂ ಒಂದೇ, ಮಳೆ ಎಲ್ಲರಿಗೂ ಒಂದೇ, ಜಿಗಣೆ ಎಲ್ಲರ ಕಾಲಿಗೂ ಒಂದೇ. ಸರಿ. ಆದರೆ ಈಗ ತೋಟಗಳಿಗೆ ಅಸ್ಸಾಮಿನ ಕಡೆಯಿಂದ ಕುಟುಂಬಗಳು ಬರುತ್ತಿವೆ. ಭಾಷೆ ಬಾರದು, ಊಟದ ರೀತಿ ಬೇರೆ. ಅವರಿಗೆ ಯಾವ ಮನೆ ಸಿಗುತ್ತದೆ? ಸೋರುವ ಮನೆ. ನಲ್ಲಿಯಲ್ಲಿ ಯಾರ ಕೊಡ ಕೊನೆಗೆ ನಿಲ್ಲುತ್ತದೆ? ನಿನ್ನೆ ಸಾಯಂಕಾಲ ನಾವೇ ಒಂದು ನಲ್ಲಿಯ ಹತ್ತಿರ ನಿಂತು ನೋಡಿದೆವು. ಒಬ್ಬ ಹುಡುಗಿ ಎರಡು ಸಲ ಮುಂದೆ ಬಂದು ಎರಡು ಸಲ ಹಿಂದೆ ಹೋದಳು. ಅವಳ ಹೆಸರನ್ನು ಅಲ್ಲಿದ್ದವರು ಯಾರೂ ಹೇಳಲಿಲ್ಲ. “ಏ, ಅಸ್ಸಾಮಿ” ಎಂದರು. ಹಾಗೆ ಬಂದವರಲ್ಲಿ ಕರ್ತನನ್ನು ಆರಾಧಿಸುವವರೂ ಇದ್ದಾರೆ. ಈ ಸಂಜೆ ಇಲ್ಲಿ ಅವರಲ್ಲಿ ಎಷ್ಟು ಜನ ಕುಳಿತಿದ್ದಾರೆಂದು ನೀವೇ ತಿರುಗಿ ನೋಡಿರಿ.

ಅರೇಬಿಕಾ ಗಿಡಕ್ಕೆ ಕಾಂಡಕೊರಕ ಬಿದ್ದಾಗ ಮೊದಲು ಏನೂ ಗೊತ್ತಾಗುವುದಿಲ್ಲ ಎಂದು ನಿಮ್ಮವರೇ ನಮಗೆ ತೋರಿಸಿದರು. ಕಾಂಡದ ಮೇಲೆ ಬಳೆಯಂಥ ಉಬ್ಬು ಕಂಡರೆ ಒಳಗೆ ಹುಳು ದಾರಿ ಮಾಡಿಕೊಂಡಿದೆಯೆಂದು ತಿಳಿಯಬೇಕಂತೆ. ಒಂದೊಂದು ಗಿಡವನ್ನೂ ಬಗ್ಗಿ ನೋಡುವ ಆ ಕೆಲಸವನ್ನು ವರ್ಷಕ್ಕೊಮ್ಮೆ ಮಾಡಿ ಬಿಟ್ಟರೆ ಆಗುವುದಿಲ್ಲ. ನಾವು ನಮ್ಮನ್ನು ಹಾಗೆ ಬಗ್ಗಿ ನೋಡಿಕೊಂಡು ಎಷ್ಟು ದಿವಸವಾಯಿತು? ಸಂಬಳದ ದಿವಸ ಅಂಗಡಿಯ ಮುಂದೆ ನಿಲ್ಲದವನಿಗೆ ನಾನು ಬೆಳೆದೆನೆಂದು ಅನಿಸುತ್ತದೆ. ಅದು ದೊಡ್ಡ ಜಯವೇ, ಅವನ ಹೆಂಡತಿಯನ್ನು ಕೇಳಿರಿ. ಆದರೆ ಕುಡಿತ ಬಿಟ್ಟ ಮನುಷ್ಯನು ಹತ್ತು ವರ್ಷ ಅದೊಂದೇ ಸಾಕ್ಷಿಯನ್ನು ಹೇಳುತ್ತಾ ಇದ್ದರೆ, ಅಣ್ಣಾ, ಈ ವರ್ಷ ಕರ್ತನು ನಿನ್ನಲ್ಲಿ ಏನು ಕತ್ತರಿಸಿದನು ಎಂದು ಕೇಳಬೇಕಾಗುತ್ತದೆ.

ಅವ್ವನ ಬಳಿಗೆ ನಾವು ಎರಡು ತಿಂಗಳು ಬಿಟ್ಟು ಹೋದೆವು. ಈ ಸಲ ಪುಸ್ತಕದ ಮಾತು ಹೇಳಲಿಲ್ಲ. ನಮ್ಮ ಸಭೆಯಲ್ಲಿ ನಡೆದದ್ದನ್ನು, ನಾವು ಮುಂದಿನ ಸಾಲಿಗೆ ಸರಿದದ್ದನ್ನು ಹೇಳಿದೆವು. ಆ ಕಬ್ಬಿನ ಕುಟುಂಬವನ್ನು ಹುಡುಕಿಕೊಂಡು ಹೋದದ್ದನ್ನೂ, ಅವರು ಊರು ಬಿಟ್ಟಿರಲಿಲ್ಲ, ಮೂರು ಮೈಲಿ ಆಚೆ ಇನ್ನೊಬ್ಬರ ಹೊಲದಲ್ಲಿಯೇ ಇದ್ದರೆಂಬುದನ್ನೂ ಹೇಳಿದೆವು. ಕ್ಷಮೆ ಕೇಳಿದೆವು. ಮನೆಯ ಯಜಮಾನ ನಮ್ಮನ್ನು ಕೂಡಿಸಿದ, ಆದರೆ ಸಭೆಗೆ ಬರುತ್ತೇನೆ ಎನ್ನಲಿಲ್ಲ. “ನೋಡೂಣ್ರಿ” ಅಂದ. ಅವನ ಹೆಂಡತಿ ಕೊಟ್ಟ ನೀರನ್ನು ಕುಡಿದು ಬಂದೆವು.

ಅವ್ವ ಎಲ್ಲವನ್ನೂ ಕೇಳಿದಳು. ಬಹಳ ಹೊತ್ತು ಏನೂ ಮಾತಾಡಲಿಲ್ಲ. ಹಿತ್ತಲ ಬಾಗಿಲು ತೆರೆದೇ ಇತ್ತು, ಗೂಟ ಅಲ್ಲಿಂದ ಕಾಣುತ್ತಿತ್ತು. ನಾವು ಆ ಕಡೆ ನೋಡದಂತೆ ಕುಳಿತಿದ್ದೆವು. ಅವಳು ಮಾತ್ರ ನೋಡುತ್ತಿದ್ದಳು.

“ನನ್ನ ಸೊಸಿ ಒಪ್ಪಾಂಗಿಲ್ರಿ,” ಅಂದಳು. ಮತ್ತೆ ಸ್ವಲ್ಪ ಹೊತ್ತಿನ ಮೇಲೆ, “ಸೊಸಿ ಮ್ಯಾಲೆ ಯಾಕ ಹಾಕಲಿ, ತೂಗಹಾಕಿದಾಕಿ ನಾನ,” ಅಂದಳು.

ಪ್ರಾರ್ಥನೆ ಮಾಡಿ ಎದ್ದೆವು. ಬಾಗಿಲ ತನಕ ಬಂದು ಬೀಳ್ಕೊಟ್ಟಳು. ಲೋಟ ಇನ್ನೂ ಗೂಟದಲ್ಲಿಯೇ ಇತ್ತು. ಅವಳೇ ಅದನ್ನು ತೋರಿಸಿ, “ಮುಂದಿನ ಕೂಟಕ್ಕ ಬಂದಾಗ ನೋಡ್ರಿ,” ಅಂದಳು. ಇಲ್ಲಿಂದ ಹಿಂದಿರುಗಿದ ಮೇಲೆ ಮೊದಲನೆಯ ಐತವಾರ ಬೇಡಗದಲ್ಲಿ ಕೂಟವಿದೆ.