ಸಣ್ಣ ತಂಡಕ್ಕೆ ಎಂಥ ಸೌಂಡ್ ಸಿಸ್ಟಮ್?

ಮುಂಬಯಿಯಲ್ಲಿ ಕನ್ನಡ ಸಂಘಗಳಿಗೂ ಬರವಿಲ್ಲ, ಹಾಡುವವರಿಗೂ ಬರವಿಲ್ಲ. ಇಬ್ಬರು ಗಾಯಕರು, ಹಾರ್ಮೋನಿಯಂ, ತಬಲಾ, ಕೊಳಲು, ಒಂದು ಕೀಬೋರ್ಡ್ ಸೇರಿದರೆ ಸುಗಮ ಸಂಗೀತದ ತಂಡ ಸಿದ್ಧ. ಅಂಥ ಒಂದು ತಂಡದಲ್ಲಿ ತಬಲಾ ನುಡಿಸುತ್ತ, ಜೊತೆಗೆ ಮೈಕಿನ ಉಸ್ತುವಾರಿಯನ್ನೂ ನೋಡಿಕೊಂಡು ಬಂದವನು ನಾನು. ಪ್ರತಿ ಸಲ ಬಾಡಿಗೆ ಕೊಟ್ಟು ಸಾಕಾಗಿ, ನಮ್ಮದೇ ಒಂದು ಸೌಂಡ್ ಸಿಸ್ಟಮ್ ಇದ್ದಿದ್ದರೆ ಎಂದು ಅನ್ನಿಸದ ತಂಡವಿರಲಾರದು. ಆ ಬಗ್ಗೆ ನಾಲ್ಕು ಮಾತು.

ಮೊದಲು ನಾವು ಮಾಡಿದ ತಪ್ಪನ್ನೇ ಹೇಳಿಬಿಡುತ್ತೇನೆ. ಸದಸ್ಯರು ತಮ್ಮ ತಮ್ಮ ಕೈಯಿಂದ ಹಾಕಿ ಕೂಡಿಸಿದ ಹಣ ಅದು. ಅಂಗಡಿಯವರು "ಸಾವಿರ ವ್ಯಾಟ್" ಅಂದರು, ನಾವು ತಲೆದೂಗಿದೆವು. ಹದಿನೈದು ಇಂಚಿನ ಎರಡು ದೊಡ್ಡ ಪೆಟ್ಟಿಗೆ, ಒಂದು ಭಾರದ ಆಂಪ್ಲಿಫೈಯರ್ ಬಂದವು. ಉಳಿದ ಚಿಲ್ಲರೆ ಹಣದಲ್ಲಿ ಅಗ್ಗದ ಮೈಕುಗಳು. ರಾಜ್ಯೋತ್ಸವದ ದಿನ ಮುಂದಿನ ಸಾಲಿನವರು ಕಿವಿ ಮುಚ್ಚಿಕೊಂಡರು. ಕೊನೆಯ ಸಾಲಿನಲ್ಲಿದ್ದ ಅಜ್ಜಿಯೊಬ್ಬರು ಆಮೇಲೆ ಬಂದು, "ತಬಲಾ ಚೆನ್ನಾಗಿ ಕೇಳಿಸ್ತಪ್ಪಾ, ಆದರೆ ಹಾಡು ಯಾವುದು ಅಂತ ಗೊತ್ತಾಗಲಿಲ್ಲ" ಎಂದರು. ತಬಲಾದವನಾದ ನನಗೆ ಅದು ಹೊಗಳಿಕೆಯಾಗಿ ಕೇಳಿಸಲಿಲ್ಲ. ಭಾವಗೀತೆಯಲ್ಲಿ ಮಾತೇ ಕೇಳದಿದ್ದರೆ ಉಳಿಯುವುದೇನು? ಊರು ಬಿಟ್ಟು ಬಂದವರು ಆ ಸಂಜೆ ಬರುವುದೇ ನಾಲ್ಕು ಕನ್ನಡದ ಸಾಲು ಕೇಳುವುದಕ್ಕೆ.

ಆದ್ದರಿಂದ ಮೊದಲ ಮಾತು: ವ್ಯಾಟ್ ನೋಡಿ ಮರುಳಾಗಬೇಡಿ. ವ್ಯಾಟ್ ಎರಡು ಪಟ್ಟಾದರೆ ಸದ್ದು ಎರಡು ಪಟ್ಟಾಗುವುದಿಲ್ಲ. ಕೇವಲ 3 ಡೆಸಿಬಲ್ ಹೆಚ್ಚುತ್ತದೆ. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿರುವ 'ಪೀಕ್' ವ್ಯಾಟ್ ಕ್ಷಣಮಾತ್ರದ ಲೆಕ್ಕ. ಕೇಳಬೇಕಾದದ್ದು 'ಕಂಟಿನ್ಯುಯಸ್' ಎಷ್ಟು ಎಂದು. ಆಂಪ್ಲಿಫೈಯರ್ ಬೇರೆ ಇರುವ ಪ್ಯಾಸಿವ್ ಸ್ಪೀಕರಾದರೆ ಸೆನ್ಸಿಟಿವಿಟಿಯನ್ನೂ ವಿಚಾರಿಸಿ. ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬಲ್ ಎಂಬ ಅಂಕಿ ಅದು. ಒಂದು 92, ಇನ್ನೊಂದು 98 ಇದ್ದರೆ, ಎರಡನೆಯದರ 100 ವ್ಯಾಟ್ ಮೊದಲನೆಯದರ 400 ವ್ಯಾಟಿಗೆ ಸಮ.

ನೂರು, ನೂರೈವತ್ತು ಜನ ಕೂರುವ ಸೊಸೈಟಿ ಹಾಲಿಗೆ, ಆಂಪ್ಲಿಫೈಯರ್ ಒಳಗೇ ಇರುವ ಹತ್ತು ಅಥವಾ ಹನ್ನೆರಡು ಇಂಚಿನ ಆಕ್ಟಿವ್ ಸ್ಪೀಕರ್ ಒಂದು ಜೊತೆ ಸಾಮಾನ್ಯವಾಗಿ ಸಾಕು. ಪ್ಲಾಸ್ಟಿಕ್ ಮೈಯಿನದಾದರೆ ಒಬ್ಬರೇ ಎತ್ತಬಹುದು, ಟ್ಯಾಕ್ಸಿಯಲ್ಲಿ ಹಿಡಿಯುತ್ತದೆ. ಲಿಫ್ಟಿಲ್ಲದ ಕಟ್ಟಡದ ಮೂರನೇ ಮಹಡಿಗೆ ಸಾಮಾನು ಹೊತ್ತವರಿಗೆ ಇದರ ಬೆಲೆ ಗೊತ್ತು.

ಎರಡನೆಯದು ಮಿಕ್ಸರ್. ಕೊಳ್ಳುವ ಮುನ್ನ ಒಂದು ಚೀಟಿಯಲ್ಲಿ ಬರೆದುಕೊಳ್ಳಿ: ಗಾಯಕರು 2, ನಿರೂಪಕರು 1, ಹಾರ್ಮೋನಿಯಂ 1, ತಬಲಾ 2, ಕೊಳಲು 1. ಮೈಕುಗಳೇ ಏಳಾದವು, ಕೀಬೋರ್ಡ್ ಬೇರೆ. 'ಹತ್ತು ಚಾನೆಲ್' ಎಂದು ಮಾರುವ ಕೆಲವು ಮಿಕ್ಸರುಗಳಲ್ಲಿ ಮೈಕಿಗೆ ಇರುವುದು ನಾಲ್ಕೇ ಜಾಗ, ಉಳಿದವು ಕೀಬೋರ್ಡಿನಂಥವಕ್ಕೆ. ಹಿಂದೆ ಮುಂದೆ ತಿರುಗಿಸಿ, ಮೂರು ತೂತಿನ ಮೈಕ್ ಸಾಕೆಟ್ಟುಗಳನ್ನು ಬೆರಳಿಟ್ಟು ಎಣಿಸಿ.

ಮೂರನೆಯದು ಮೈಕು. ಇಲ್ಲಿ ಜಿಪುಣತನ ಬೇಡ, ಕಡೇ ಪಕ್ಷ ಗಾಯಕರ ಮೈಕಿನಲ್ಲಿ. ಶೂರ್ ಕಂಪನಿಯ ಎಸ್‌ಎಂ 58 ಮೈಕು 1966ರಿಂದ ಮಾರುಕಟ್ಟೆಯಲ್ಲಿದೆ, ಬಾಳಿಕೆಗೆ ಹೆಸರಾಗಿದೆ. ಅದರ ನಕಲಿಗಳೂ ಇವೆ. ಅಧಿಕೃತ ಮಾರಾಟಗಾರರಲ್ಲೇ ಕೊಂಡು ಬಿಲ್ಲು ಪಡೆಯಿರಿ. ಸ್ಟ್ಯಾಂಡು, ಕೇಬಲ್ಲುಗಳಿಗೆಂದು ಒಟ್ಟು ಹಣದ ಐದನೇ ಒಂದು ಪಾಲನ್ನಾದರೂ ಎತ್ತಿಡಿ. ಕಾರ್ಯಕ್ರಮದ ನಡುವೆ ಕೈಕೊಡುವುದು ಹೆಚ್ಚಾಗಿ ಕೇಬಲ್ಲೇ.

ಇನ್ನು ಕಾಸಿಲ್ಲದೆ ಆಗುವ ಕೆಲಸಗಳು. ಸ್ಪೀಕರುಗಳನ್ನು ಮೈಕುಗಳಿಗಿಂತ ಮುಂದೆ, ಕೂತವರ ತಲೆಗಿಂತ ಎತ್ತರದಲ್ಲಿ ನಿಲ್ಲಿಸಿ. ನೆಲದ ಮೇಲಿಟ್ಟರೆ ಮೊದಲ ಸಾಲಿನವರೇ ಸದ್ದನ್ನೆಲ್ಲ ನುಂಗಿಬಿಡುತ್ತಾರೆ. ಮೈಕು ಕುಂಯ್ ಎಂದು ಕೂಗುವುದು ಸ್ಪೀಕರಿನ ಸದ್ದು ಮತ್ತೆ ಮೈಕಿಗೇ ಹೋಗಿ ಸುತ್ತುವುದರಿಂದ. ಬೇಡದ ಮೈಕನ್ನು ಮುಚ್ಚಿ, ಗಾಯಕರನ್ನು ಮೈಕಿಗೆ ಹತ್ತಿರ ಕರೆಯಿರಿ. ಅಕ್ಷರಗಳ ಸ್ಪಷ್ಟತೆ ಬಹುಮಟ್ಟಿಗೆ 2,000ದಿಂದ 4,000 ಹರ್ಟ್ಸ್ ನಡುವೆ ಇರುತ್ತದೆ. ಗಾಯಕರ ಚಾನೆಲ್ಲಿನಲ್ಲಿ 'ಲೋ ಕಟ್' ಗುಂಡಿ ಒತ್ತಿ, ಬೇಸ್ ತುಸು ಇಳಿಸಿದರೆ ಮಾತು ತಾನಾಗಿ ಮೇಲೆ ಬರುತ್ತದೆ. ಗುಂಯ್ ಸದ್ದು ನಿಲ್ಲಿಸಲೆಂದು ಪ್ಲಗ್ಗಿನ ಅರ್ಥ್ ಪಿನ್ನನ್ನು ಮಾತ್ರ ಎಂದೂ ಕೀಳಬೇಡಿ. ಅದು ಹಾಡುವವರ ಜೀವದ ಪ್ರಶ್ನೆ. ಮಿಕ್ಸರ್, ಸ್ಪೀಕರ್ ಎಲ್ಲಕ್ಕೂ ಒಂದೇ ಕಡೆಯಿಂದ ಕರೆಂಟು ತೆಗೆದುಕೊಂಡರೆ ಆ ಸದ್ದು ಬಹಳ ಸಲ ನಿಲ್ಲುತ್ತದೆ.

ಬಯಲಲ್ಲಿ ಹಾಡುವುದಾದರೆ 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳು ನೆನಪಿರಲಿ. ಧ್ವನಿವರ್ಧಕಕ್ಕೆ ಮೊದಲೇ ಲಿಖಿತ ಅನುಮತಿ ಬೇಕು, ಸಾಮಾನ್ಯವಾಗಿ ರಾತ್ರಿ ಹತ್ತಕ್ಕೆ ನಿಲ್ಲಿಸಬೇಕು.

ಕೊನೆಯದಾಗಿ, ವರ್ಷಕ್ಕೆ ನಾಲ್ಕೈದೇ ಕಾರ್ಯಕ್ರಮವಿದ್ದರೆ ಬಾಡಿಗೆಯೇ ಲೇಸು. ಕೊಳ್ಳಲೇಬೇಕೆಂದಿದ್ದರೆ ಅದೇ ಮಾದರಿಯನ್ನು ಒಮ್ಮೆ ಬಾಡಿಗೆಗೆ ತಂದು ನಿಮ್ಮ ಹಾಲಿನಲ್ಲೇ ಹಾಡಿ ನೋಡಿ. ಲ್ಯಾಮಿಂಗ್ಟನ್ ರಸ್ತೆಗೆ ಹೋದರೂ ಅಂಗಡಿಯವರು ಹಾಕುವ ಸಿನಿಮಾ ಹಾಡು ಕೇಳಿ ಒಪ್ಪಬೇಡಿ. ನಿಮ್ಮ ಗಾಯಕರೇ ಹಾಡಲಿ.

ನಾವು ಆ ದೊಡ್ಡ ಪೆಟ್ಟಿಗೆಗಳನ್ನು ಅರ್ಧ ಬೆಲೆಗೆ ಮಾರಿ, ಹನ್ನೆರಡು ಇಂಚಿನ ಜೊತೆಗೆ ಬಂದೆವು. ಈಗ ಪ್ರತಿ ಕಾರ್ಯಕ್ರಮಕ್ಕೆ ಮೊದಲು ನಮ್ಮಲ್ಲೊಬ್ಬರು ಕೊನೆಯ ಸಾಲಿನಲ್ಲಿ ಹೋಗಿ ಕೂರುತ್ತಾರೆ. ಅಲ್ಲಿ ಹಾಡಿನ ಮಾತು ತಿಳಿಯಿತೆಂದು ಕೈ ಎತ್ತಿದ ಮೇಲೆಯೇ ನಮ್ಮ ಕಾರ್ಯಕ್ರಮ ಶುರು.