ಬೆಳ್ಳಿತೆರೆಯ ಚೀನೀ ಹೆಣ್ಣು

ಪಾಶ್ಚಾತ್ಯ ಚಲಚ್ಚಿತ್ರಗಳಲ್ಲಿ ಪೂರ್ವದೇಶದ ಹೆಂಗಸಿಗೆ ಬಹುಕಾಲ ಎರಡೇ ವೇಷಗಳು ಸಿದ್ಧವಾಗಿದ್ದುವು. ಬಿಳಿಯ ಗಂಡಸನ್ನು ನಂಬಿ, ಅವನು ಕೈಬಿಟ್ಟ ಮೇಲೆ ಪ್ರಾಣವನ್ನೇ ತೊರೆಯುವ ಮುಗ್ಧೆಯ ವೇಷ ಒಂದು. ರೇಷ್ಮೆಯ ನಿಲುವಂಗಿಯೊಳಗೆ ಕಠಾರಿಯನ್ನು ಅಡಗಿಸಿಟ್ಟುಕೊಂಡ ಮಾಯಾವಿನಿಯ ವೇಷ ಇನ್ನೊಂದು. ಮನೆವಾರ್ತೆಯನ್ನು ನೋಡಿಕೊಂಡು, ಗಂಡನೊಡನೆ ಜಗಳವಾಡಿ, ಮಕ್ಕಳನ್ನು ಸಾಕಿ ಮುದುಕಿಯಾಗುವ ಹೆಂಗಸರೂ ಆ ದೇಶಗಳಲ್ಲಿ ಇರುವರೆಂಬುದು ತೆರೆಯನ್ನು ಮಾತ್ರ ಬಲ್ಲವರಿಗೆ ತಿಳಿಯುವಂತಿರಲಿಲ್ಲ. ಶ್ರೋತೃಗಳ ಮುಂದೆ ಈ ದಿನ ಒಬ್ಬ ನಟಿಯ ವೃತ್ತಾಂತವನ್ನು ಇಡುತ್ತೇನೆ.

ಆನಾ ಮೇ ವಾಂಗ್ ಹುಟ್ಟಿದುದು 1905ರಲ್ಲಿ, ಅಮೆರಿಕದ ಲಾಸ್ ಏಂಜಲೀಸ್ ನಗರದಲ್ಲಿ. ಚೀನೀ ಮನೆತನದ ಆಕೆಯ ತಂದೆ ಅಲ್ಲಿ ಬಟ್ಟೆ ಒಗೆಯುವ ಅಂಗಡಿಯನ್ನು ನಡೆಸುತ್ತಿದ್ದನು. ಅವನು ಸಹ ಅಮೆರಿಕದಲ್ಲಿಯೇ ಹುಟ್ಟಿದವನು. 1922ರಲ್ಲಿ, ಹದಿನೇಳನೆಯ ವಯಸ್ಸಿನಲ್ಲಿ, 'ದಿ ಟೋಲ್ ಆಫ್ ದಿ ಸೀ' ಎಂಬ ವರ್ಣಚಿತ್ರದಲ್ಲಿ ಆಕೆ ನಾಯಿಕೆಯಾದಳು. ಕಥೆಯನ್ನು ಶ್ರೋತೃಗಳು ಊಹಿಸಿಯೇ ಇರುವರು: ಅಮೆರಿಕದ ಪ್ರಿಯನು ಸ್ವದೇಶದ ಹೆಂಡತಿಯೊಡನೆ ಹಿಂದಿರುಗುತ್ತಾನೆ, ಈಕೆ ತನ್ನ ಮಗುವನ್ನು ಅವರ ಕೈಯಲ್ಲಿ ಇಟ್ಟು ಸಮುದ್ರಕ್ಕೆ ಇಳಿಯುತ್ತಾಳೆ. 1924ರ 'ಬಾಗ್ದಾದಿನ ಕಳ್ಳ'ನಲ್ಲಿ ಒಳಸಂಚಿನ ದಾಸಿ. 1929ರಲ್ಲಿ ಇಂಗ್ಲೆಂಡಿನಲ್ಲಿ ತಯಾರಾದ 'ಪಿಕಡಿಲಿ'ಯಲ್ಲಿ ನರ್ತಕಿ; ಅಲ್ಲಿಯೂ ಕೊನೆಯಲ್ಲಿ ಕೊಲೆಗೆ ಈಡಾಗುತ್ತಾಳೆ. 1932ರ 'ಶಾಂಘೈ ಎಕ್ಸ್‌ಪ್ರೆಸ್'ನಲ್ಲಿ ಮಾತ್ರ ಸಾಯದೆ ತಾನೇ ಕೊಲ್ಲುತ್ತಾಳೆ. ಇದನ್ನು ಬಡತಿ ಎನ್ನಬಹುದೇನೋ!

ಪರ್ಲ್ ಬಕ್ ಅವರ 'ದಿ ಗುಡ್ ಅರ್ತ್' ಕಾದಂಬರಿ 1931ರಲ್ಲಿ ಪ್ರಕಟವಾಯಿತು. ಅದರ ನಾಯಿಕೆ ಓ-ಲಾನ್ ಮುಗ್ಧೆಯೂ ಅಲ್ಲ, ಮಾಯಾವಿನಿಯೂ ಅಲ್ಲ. ಶ್ರೀಮಂತರ ಮನೆಯ ತೊತ್ತಾಗಿದ್ದು ರೈತನ ಕೈಹಿಡಿದು ಬಂದವಳು, ಮಿತಭಾಷಿಣಿ, ಹೆತ್ತ ಸ್ವಲ್ಪ ಹೊತ್ತಿನಲ್ಲಿಯೇ ಮತ್ತೆ ಹೊಲಕ್ಕೆ ಇಳಿಯುವವಳು, ಕ್ಷಾಮದಲ್ಲಿ ಸಂಸಾರವನ್ನು ಉಳಿಸಿದವಳು. ಎಂ.ಜಿ.ಎಂ. ಸಂಸ್ಥೆಯು ಇದನ್ನು ಚಿತ್ರವಾಗಿಸಲು ಹೊರಟಾಗ ಈ ಪಾತ್ರವನ್ನು ವಾಂಗ್ ಬಯಸಿದುದು ಸಹಜವೇ ಆಗಿತ್ತು.

ಆದರೆ ರೈತನ ಪಾತ್ರ ಪಾಲ್ ಮುನಿ ಎಂಬ ಬಿಳಿಯ ನಟನಿಗೆ ಸಂದಿತ್ತು. ಅಲ್ಲಿಗೆ ಬಾಗಿಲು ಮುಚ್ಚಿದಂತಾಯಿತು. ಹಾಲಿವುಡ್ಡಿನ ನಿರ್ಮಾಪಕರು 1930ರಲ್ಲಿ ತಮಗೆ ತಾವೇ ವಿಧಿಸಿಕೊಂಡು, 1934ರಿಂದ ಬಿಗಿಯಾಗಿ ಪಾಲಿಸುತ್ತಿದ್ದ ನಿಯಮಾವಳಿಯು ವರ್ಣಾಂತರ ಪ್ರಣಯವನ್ನು ನಿಷೇಧಿಸಿತ್ತು. ನಿಯಮದ ಅಕ್ಷರದಲ್ಲಿ ಇದ್ದುದು ಬಿಳಿಯರ ಮತ್ತು ಕರಿಯರ ಮಾತು. ಆಚರಣೆಯಲ್ಲಿ ಅದರ ನೆರಳು ಚೀನೀಯರ ಮೇಲೂ ಬಿದ್ದಿತು. ಮುಖಕ್ಕೆ ಬಣ್ಣ ಬಳಿದು ಚೀನೀಯನಾದವನಿಗೆ ನಿಜವಾದ ಚೀನೀ ವಂಶದವಳು ಹೆಂಡತಿಯಾಗುವುದು ಅಸಭ್ಯವೆನಿಸಿತು. ಯಾರೊಬ್ಬರೂ ಆಕೆಯನ್ನು ದ್ವೇಷಿಸಬೇಕಾದ ಅಗತ್ಯವೇ ಇರಲಿಲ್ಲ. ಮೊದಲನೆಯ ಪಾತ್ರವನ್ನು ಹಂಚಿದಾಗಲೇ ಎರಡನೆಯದೂ ಇತ್ಯರ್ಥವಾಗಿತ್ತು.

ಓ-ಲಾನ್ ಆದವಳು ಜರ್ಮನಿಯಲ್ಲಿ ಹುಟ್ಟಿದ ಲೂಯಿಸ ರೈನರ್. ಸಂಸಾರಕ್ಕೆ ಒಡಕು ತರುವ ಎರಡನೆಯ ಹೆಂಡತಿ ಲೋಟಸಳ ಪಾತ್ರಕ್ಕೆ ವಾಂಗಳನ್ನು ಪರೀಕ್ಷಿಸಿದರು. ಇಡೀ ಕಥೆಯಲ್ಲಿ ಸಹಾನುಭೂತಿಗೆ ಎರವಾದ ಪಾತ್ರವೊಂದನ್ನೇ ಚೀನೀ ರಕ್ತದ ತನಗೆ ಕೊಡುವರೆ ಎಂದು ಆಕೆ ನಿರಾಕರಿಸಿದಳು. ಅದು ವಿಯೆನ್ನದ ನರ್ತಕಿ ಟಿಲ್ಲಿ ಲೋಶಳ ಪಾಲಾಯಿತು. 1936ರಲ್ಲಿ ವಾಂಗ್ ಚೀನಾ ದೇಶಕ್ಕೆ ಪ್ರಯಾಣಮಾಡಿದಳು. ಅಲ್ಲಿ ಕೆಲವರು, ತಮ್ಮ ಜನಕ್ಕೆ ಕೀಳು ಹೆಸರು ತರುವ ಪಾತ್ರಗಳನ್ನು ವಹಿಸಿದಳೆಂದು ಆಕೆಯನ್ನೇ ದೂರಿದರು. 1937ರಲ್ಲಿ ಚಿತ್ರ ತೆರೆಕಂಡಿತು. ಮರುವರ್ಷ ರೈನರಳಿಗೆ ಶ್ರೇಷ್ಠ ನಟಿಯ ಆಸ್ಕರ್ ಪ್ರಶಸ್ತಿ ದೊರೆಯಿತು. ಆಕೆಯ ಅಭಿನಯ ಸಾಮಾನ್ಯವಾದುದಲ್ಲ, ಅದನ್ನು ಅಲ್ಲಗಳೆಯಲಾಗದು.

ಮೈಸೂರಿನವರಿಗೆ ಹತ್ತಿರದ ನಿದರ್ಶನವೊಂದುಂಟು. ಕಾರಾಪುರದಲ್ಲಿ ಹುಟ್ಟಿದ ನಮ್ಮ ಸಾಬು 1947ರ 'ಬ್ಲ್ಯಾಕ್ ನಾರ್ಸಿಸಸ್' ಚಿತ್ರದಲ್ಲಿ ಹಿಮಾಲಯದ ರಾಜಕುಮಾರನಾದನು. ಅವನು ಒಲಿದ ಬೆಟ್ಟದ ಹುಡುಗಿ ಕಾಂಚಿಯಾಗಿ ನಟಿಸಿದವಳು, ಮೈಗೆ ಕಂದುಬಣ್ಣ ಬಳಿದುಕೊಂಡ ಇಂಗ್ಲೆಂಡಿನ ಜೀನ್ ಸಿಮನ್ಸ್. ಆ ಹುಡುಗಿಗೆ ಮಾತೆಂಬುದೇ ಇಲ್ಲವೆನ್ನಬಹುದು.

ನಿಯಮಾವಳಿಯಿಂದ ಆ ನಿಷೇಧ 1956ರಲ್ಲಿ ಹೋಯಿತು. ವಾಂಗ್ 1961ರಲ್ಲಿ ತೀರಿಕೊಂಡಳು. ರೈನರಳಿಗೆ ಸಂದ ಪ್ರಶಸ್ತಿಯು ಮಲೇಷಿಯದ ಚೀನೀ ವಂಶದ ಮಿಷೆಲ್ ಯೋ ಅವರ ಕೈಸೇರಿದುದು 85 ವರ್ಷಗಳ ತರುವಾಯ, 2023ರಲ್ಲಿ. ಆ ಚಿತ್ರದಲ್ಲಿ ಆಕೆ ಅಮೆರಿಕದಲ್ಲಿ ನೆಲೆಸಿದ ಚೀನೀ ಗೃಹಿಣಿ. ಗಂಡನ ಮೇಲೆ ರೇಗುತ್ತ, ಮಗಳೊಡನೆ ವಾದಿಸುತ್ತ, ತೆರಿಗೆಯ ಲೆಕ್ಕಕ್ಕೆ ತಲೆ ಕೆಡಿಸಿಕೊಂಡು, ಬಟ್ಟೆ ಒಗೆಯುವ ಅಂಗಡಿಯೊಂದನ್ನು ನಡೆಸುತ್ತಾಳೆ.